ಪಕ್ಷಮಾಸದಲ್ಲಿ ಬಂದ ಪಿಕಪ್

ನಮ್ಮ ಪಿಕಪ್ ಗಾಡಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಮನೆಗೆ ಬಂತು ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಊರವರೂ ಹಾಗೇ ಹೇಳುತ್ತಾರೆ. ಕಾಕಾನ ಫೋನಿನಲ್ಲಿ ಅದರ ವಿಡಿಯೋ ಇದೆ: ಬಾನೆಟ್ಟಿನ ಮೇಲೆ ಚೆಂಡುಹೂವಿನ ಮಾಲೆ, ನಾಲ್ಕು ಗಾಲಿಗಳ ಕೆಳಗೆ ನಾಲ್ಕು ಲಿಂಬೆಹಣ್ಣು, ಆರತಿ ಹಿಡಿದ ಆಯಿ (ಅಪ್ಪನ ಅವ್ವ), ಸ್ಟೇರಿಂಗ್ ಹಿಂದೆ ಮದುಮಗನ ಹಾಗೆ ಬಿಗಿದುಕೊಂಡು ಕುಳಿತ ಅಪ್ಪ. ಮನೆಗೆ ಬಂದ ಬೀಗರಿಗೆಲ್ಲ ಚಹಾಕ್ಕಿಂತ ಮೊದಲು ಅದನ್ನು ತೋರಿಸುತ್ತಾರೆ.

ನಾನು ಆ ಕಥೆಯನ್ನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಬಹಳವೇನಲ್ಲ, ಆದರೆ ಇಷ್ಟು ಕಲಿತಿದ್ದೇನೆ: ಎದುರಾಳಿ ತಂದ ಪುರಾವೆಯನ್ನು ಎದುರಾಳಿಗಿಂತ ಚೆನ್ನಾಗಿ ನೋಡಬೇಕು. ಕಾಕಾ ಉತ್ಸಾಹದಲ್ಲಿ ಕ್ಯಾಬಿನ್ನಿನ ಒಳಗೂ ಫೋನು ತೂರಿಸಿದ್ದಾನೆ. ಒಂದು ಕ್ಷಣ ಕಿಲೋಮೀಟರ್ ತೋರಿಸುವ ಮೀಟರು ಕಾಣುತ್ತದೆ. ಅಲ್ಲಿ ನಿಲ್ಲಿಸಿ, ದೊಡ್ಡದು ಮಾಡಿ ನೋಡಿ. ಮೂರು ಸಾವಿರಕ್ಕೆ ನಲವತ್ತು ಕಡಿಮೆ. ಬೆಳಗಾವಿಯ ಶೋರೂಮಿನಿಂದ ನಮ್ಮೂರಿಗೆ ಎಷ್ಟು ಸುತ್ತು ಹಾಕಿ ಬಂದರೂ ನೂರು ದಾಟುವುದಿಲ್ಲ. ಮೊದಲನೇ ಫ್ರೀ ಸರ್ವಿಸ್ ಮುಗಿಸಿಕೊಂಡು ಆರತಿ ಮಾಡಿಸಿಕೊಂಡ ಹೊಸ ಗಾಡಿ ಈ ಸೀಮೆಯಲ್ಲಿ ನಮ್ಮದೊಂದೇ ಇರಬೇಕು.

ಆ ಮೂರು ಸಾವಿರ ಕಿಲೋಮೀಟರಿನ ಸುದ್ದಿ ಯಾರೂ ಎತ್ತುವುದಿಲ್ಲ. ನಾನು ಎತ್ತುತ್ತೇನೆ.

ನಮ್ಮದು ದೊಡವಾಡದ ಹತ್ತಿರದ ಸಣ್ಣ ಊರು. ಅಪ್ಪ ಹದಿನೆಂಟು ವರ್ಷ ಬೈಲಹೊಂಗಲದ ಒಬ್ಬ ಸಾವ್ಕಾರರ ಪಿಕಪ್ ಓಡಿಸಿದ. ದೊಡವಾಡದ ಸುತ್ತಲಿನ ಹೊಲಗಳ ಕಾಯಿಪಲ್ಲೆ ತುಂಬಿಕೊಂಡು ಸವದತ್ತಿ ದಾಟಿ ರಾಮದುರ್ಗದ ಪೇಟೆಗೆ ಹಾಕಿ ಬರುವುದು ಅವನ ಕೆಲಸ. ಆ ಹಳೆಯ ಗಾಡಿಯ ಸ್ಟೇರಿಂಗ್ ಎಷ್ಟು ಬಿರುಸಾಗಿತ್ತೆಂದರೆ, ಲೋಡು ಇದ್ದಾಗ ತಿರುವಿನಲ್ಲಿ ಅಪ್ಪ ಸೀಟಿನಿಂದ ಅರ್ಧ ಎದ್ದು ಅದನ್ನು ತಿರುಗಿಸಬೇಕಾಗಿತ್ತು. ಕೊನೆಗೆ ಬಲಗಡೆಯ ಭುಜ ಹಿಡಿದುಕೊಂಡಿತು. ಅಂಗಿಯ ತೋಳಿಗೆ ಕೈ ಹಾಕಲು ಅವ್ವ ಬೇಕಾದಳು. ಗಾಡಿ ಓಡಿಸುವುದನ್ನು ಬಿಡಿ, ಇಲ್ಲವೇ ಪವರ್ ಸ್ಟೇರಿಂಗ್ ಇರುವ ಗಾಡಿ ಓಡಿಸಿ ಎಂದು ಡಾಕ್ಟರು ಹೇಳಿದರು. ಅಪ್ಪ ಹೋಗಿ ಸಾವ್ಕಾರರನ್ನು ಕೇಳಿದ. ಅವರು ತಕ್ಕಡಿಯ ಮುಂದೆ ನಾಲ್ಕು ಮಂದಿಯ ನಡುವೆ ಕುಳಿತಿದ್ದರು.

"ಗಾಡಿ ಬದಲ ಮಾಡೂದಕ್ಕಿಂತ ಡ್ರೈವರ್ ಬದಲ ಮಾಡೂದು ಸಸ್ತಾ ಬೀಳತೈತಲ್ಲೋ," ಅಂದರಂತೆ. ನಾಲ್ಕೂ ಮಂದಿ ನಕ್ಕರಂತೆ. ಅಪ್ಪ ಕೀಲಿಯನ್ನು ತಕ್ಕಡಿಯ ತಟ್ಟೆಯಲ್ಲಿ ಇಟ್ಟು, ಬಸ್ಸು ಹಿಡಿದು ಮನೆಗೆ ಬಂದ.

"ಇನ್ನ ಮ್ಯಾಲೆ ಮಂದಿ ಗಾಡಿ ಹೊಡಿಯಂಗಿಲ್ಲ," ಎಂದು ಅವ್ವನಿಗೆ ಹೇಳಿದ. ಜಗಳದಲ್ಲಿ ಕೂಡ ದನಿ ಎತ್ತದ ಮನುಷ್ಯ ಅವನು. ಆ ಮಾತನ್ನೂ ಮೆಲ್ಲಗೇ ಹೇಳಿದ. ಆದರೆ ನಾನು ಕೇಳಿದ ಎಲ್ಲ ಭಾಷಣಗಳಲ್ಲಿ ಅದೇ ಗಟ್ಟಿಯಾದದ್ದು.

ಶೋರೂಮಿಗೆ ಅಪ್ಪನ ಜೊತೆ ನಾನೇ ಹೋದೆ. ಪವರ್ ಸ್ಟೇರಿಂಗೂ ಬೇಕು, ಉದ್ದನೆಯ ಬಾಡಿಯೂ ಬೇಕು ಎಂದಾಗ ಅಲ್ಲಿನ ಸೇಲ್ಸ್‌ಮನ್, ಎರಡೂ ಕೂಡಿದ್ದು ನಮ್ಮಲ್ಲಿಲ್ಲ, ಫ್ಯಾಕ್ಟರಿಗೆ ಆರ್ಡರ್ ಹಾಕಬೇಕು, ಅವರು ತಯಾರು ಮಾಡಿ ಕಳಿಸಬೇಕು, ಮೂರು ತಿಂಗಳಾದರೂ ಹಿಡಿಯುತ್ತದೆ ಎಂದ. ಅಲ್ಲೇ ನಿಂತಿದ್ದ ಬಿಳಿ ಗಾಡಿಯೊಂದನ್ನು ತೋರಿಸಿ, "ಇದನ್ನ ಇವತ್ತ ಒಯ್ಯಬಹುದರೀ," ಎಂದೂ ಸೇರಿಸಿದ. ಅಪ್ಪ ಅದರಲ್ಲಿ ಕುಳಿತು ಸ್ಟೇರಿಂಗ್ ಒಮ್ಮೆ ತಿರುವಿ, ಭುಜ ಒತ್ತಿಕೊಂಡು ಕೆಳಗಿಳಿದ.

"ಕಾಯತೇವ್ರಿ. ಆರ್ಡರ್ ಹಾಕ್ರಿ."

ಗಾಡಿ ಯಾವಾಗ ಬೇಕು ಎನ್ನುವ ಜಾಗ ಫಾರ್ಮಿನಲ್ಲಿ ಖಾಲಿ ಇತ್ತು. "ಗಣಪತಿ ಆದ ಮ್ಯಾಲೆ ಅಂತ ಬರಿ," ಎಂದ ಅಪ್ಪ. ನಮ್ಮ ಕಡೆ ದಿನ ಎಣಿಸುವುದು ಹೀಗೆಯೇ: ಕಾರಹುಣ್ಣಿಮೆಗೆ ಬಿತ್ತಿದೆವು, ಪಂಚಮಿಗೆ ಬಂದಳು, ಗಣಪತಿ ಆದ ಮೇಲೆ ನೋಡೋಣ. ನಾನು ನನ್ನ ಚೆಂದದ ಅಕ್ಷರದಲ್ಲಿ 'ಗಣಪತಿ ಆದ ಮೇಲೆ' ಎಂದು ಬರೆದೆ. ಈ ಸಾಲಿನ ಬಗ್ಗೆ ಮುಂದೆ ಹೇಳುತ್ತೇನೆ. ಅದು ನನ್ನ ಕೈಬರಹ ಎಂಬುದಷ್ಟು ನೆನಪಿರಲಿ.

ಆಮೇಲೆ ಕಾಯುವುದು ಶುರುವಾಯಿತು. ಅಂಗಡಿಯಲ್ಲಿ ಇಟ್ಟ ವಸ್ತುವಿಗಾಗಿ ಕಾಯುವುದು ಬೇರೆ, ಇನ್ನೂ ಇಲ್ಲದ ವಸ್ತುವಿಗಾಗಿ ಕಾಯುವುದು ಬೇರೆ. ಅಪ್ಪನ ಮನಸ್ಸಿನಲ್ಲಿ ಎಲ್ಲೋ ದೂರದಲ್ಲಿ ನೂರಾರು ಮಂದಿ ಅವನೊಬ್ಬನ ಗಾಡಿಯನ್ನೇ ಜೋಡಿಸುತ್ತ ನಿಂತಿದ್ದರು. ಊಟಕ್ಕೆ ಕುಳಿತಾಗ, "ಇವತ್ತ ಏನ್ ಕುಂಡರಸಾಕತ್ತಿರಬೇಕು? ಇಂಜಿನ್ ಆಗಿರಬೇಕಲಾ?" ಎನ್ನುತ್ತಿದ್ದ. ಆಯಿ, "ಗಾಲಿ ಹಾಕ್ಯಾರಂತೇನು?" ಎಂದು ವಿಚಾರಿಸುತ್ತಿದ್ದಳು. ಕಾಕಾ ಮಾತ್ರ, "ಬಸರಿ ಸೊಸಿ ಸುದ್ದಿ ಕೇಳಿದಂಗ ಕೇಳ್ತೀರಲಾ, ಬಯಕಿ ಊಟಾನೂ ಕಳಸೂಣೇನು?" ಎಂದು ನಗುತ್ತಿದ್ದ.

ಊರಿನ ಚಹಾದ ಅಂಗಡಿಯಲ್ಲಿ ನಗು ಬೇರೆ ತರಹದ್ದಾಗಿತ್ತು. "ಏನ್ ಮಾಲಕ್ರ, ಗಾಡಿ ಬಂತೇನ್ರಿ? ಇಲ್ಲಾ ಕಬ್ಬಿಣ ಇನ್ನೂ ಗಣಿಯಾಗ ಐತ್ಯೋ?" ಅಪ್ಪ ಮೊದಮೊದಲು ತಾನೂ ನಕ್ಕ. ಆಷಾಢ ಮುಗಿಯುವ ಹೊತ್ತಿಗೆ ಚಹಾ ಮನೆಯಲ್ಲೇ ಕುಡಿಯತೊಡಗಿದ. ಮನೆ ನಡೆಯಬೇಕಲ್ಲ, ಯಾರದಾದರೂ ಡ್ರೈವರು ರಜೆ ಹಾಕಿದರೆ ಆ ದಿನದ ಮಟ್ಟಿಗೆ ಬದ್ಲಿ ಡ್ರೈವರಾಗಿ ಹೋಗುತ್ತಿದ್ದ. ಮಂದಿ ಗಾಡಿ ಹೊಡೆಯುವುದಿಲ್ಲ ಎಂದವನು ದಿನಕ್ಕೊಬ್ಬ ಮಂದಿಯ ಗಾಡಿ ಹೊಡೆದ. ಆ ಮಾತನ್ನು ನಾವ್ಯಾರೂ ಅವನಿಗೆ ನೆನಪಿಸಲಿಲ್ಲ.

ನಾನು ವಾರಕ್ಕೆರಡು ಸಲ ಸೇಲ್ಸ್‌ಮನ್‌ಗೆ ಫೋನು ಮಾಡಿ ವಾದಿಸುತ್ತಿದ್ದೆ. ತಡ ಯಾಕೆ, ಯಾವ ಹಂತದಲ್ಲಿದೆ, ಬರವಣಿಗೆಯಲ್ಲಿ ಕೊಡಿ. ಒಂದು ದಿನ ಅವನಿಗೂ ಸಾಕಾಗಿ, "ಮೇಡಂ, ಬಂದ ಮ್ಯಾಲ ನಾವ ಫೋನ್ ಮಾಡ್ತೇವ್ರಿ. ನೀವ್ ಮಾಡಿದ್ರ ಗಾಡಿ ಲಗೂನ ಬರಂಗಿಲ್ಲ," ಎಂದ. ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಇನ್ನು ನಾನಾಗಿ ಫೋನು ಮಾಡುವುದಿಲ್ಲ ಎಂದು ಹಟ ಹಿಡಿದೆ.

ಈ ನಡುವೆ ರಾಮದುರ್ಗದ ಕಾಯಿಪಲ್ಲೆ ದಲಾಲರೊಬ್ಬರು ಅಪ್ಪನಿಗೆ ಕಾಯಂ ಲೈನು ಕೊಡುತ್ತೇನೆ ಎಂದರು. ದಿನವೂ ದೊಡವಾಡದಿಂದ ಮಾಲು ತರಬೇಕು. ಷರತ್ತು ಒಂದೇ. "ನಾ ಡ್ರೈವರ್ ಕೂಡ ಮಾತಾಡಂಗಿಲ್ಲ, ಮಾಲಕರ ಕೂಡ ಮಾತಾಡಾಂವ. ಸ್ವಂತ ಗಾಡಿ ಇದ್ರ ಬರ್ರಿ." ಗಣಪತಿ ಹಬ್ಬದ ನಂತರದ ಒಂದು ಸೋಮವಾರವನ್ನು ಗೊತ್ತು ಮಾಡಿದರು. ಅಂದು ಗಾಡಿ ಇಲ್ಲದಿದ್ದರೆ ಲೈನು ಇನ್ನೊಬ್ಬರಿಗೆ.

ಗಣಪತಿ ಬಂದ, ಹೋದ. ಹುಣ್ಣಿಮೆ ದಾಟಿತು. ಆ ಸೋಮವಾರಕ್ಕೆ ನಾಲ್ಕು ದಿನ ಇರುವಾಗ ಶೋರೂಮಿನಿಂದ ಫೋನು ಬಂತು. "ಗಾಡಿ ರೆಡಿ ಐತ್ರಿ, ಒಯ್ರಿ. ಶನಿವಾರದೊಳಗ ಒಯ್ಲಿಲ್ಲಂದ್ರ ಮುಂದಿನ ಪಾಳಿಯವರಿಗೆ ಕೊಡತೇವಿ."

"ಇಷ್ಟು ದಿನ ತಡ ಮಾಡಿ ಈಗ ಅವಸರ ಮಾಡ್ತೀರೇನ್ರಿ?" ಎಂದು ನಾನು ಏರಿ ಹೋದೆ.

"ತಡ ಎಲ್ರೀ? ಗಾಡಿ ಬಂದು ಮೂರು ವಾರ ಆತು. ಫಾರ್ಮಿನ್ಯಾಗ ಗಣಪತಿ ಆದ ಮೇಲೆ ಅಂತ ನೀವ ಬರದೀರಿ. ಅದಕ್ಕ ಯಾರ್ಡಿನ್ಯಾಗ ಇಟ್ಟಿದ್ವಿ."

ಅಪ್ಪ ಬದ್ಲಿ ಹೋಗಿ ಬಂದು ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ ಆ ಮೂರು ವಾರವೂ ಅವನ ಗಾಡಿ ಬೆಳಗಾವಿಯಲ್ಲಿ ಬಿಸಿಲು ಕಾಯಿಸುತ್ತ ನಿಂತಿತ್ತು. ನಾನು ಫೋನು ಮಾಡದೆ ಹಟ ಸಾಧಿಸಿದ್ದೂ ಅದೇ ಮೂರು ವಾರ.

ಅಷ್ಟಕ್ಕೆ ಮುಗಿಯಲಿಲ್ಲ. ಭಾದ್ರಪದದ ಹುಣ್ಣಿಮೆ ದಾಟಿದರೆ ಪಕ್ಷಮಾಸ. ಅಮಾವಾಸ್ಯೆಯವರೆಗಿನ ಹದಿನೈದು ದಿನ ಸತ್ತ ಹಿರಿಯರದು. ಹೊಸ ಬಟ್ಟೆ, ಹೊಸ ಎತ್ತು, ಹೊಸ ಗಾಡಿ ಯಾವುದನ್ನೂ ಮನೆಗೆ ತರುವಂತಿಲ್ಲ. ಗಣಪತಿ ಆದ ಮೇಲೆ ಬರುವುದೇ ಅದು ಎಂದು ಫಾರ್ಮು ತುಂಬುವಾಗ ಅಪ್ಪನಿಗೆ ಹೊಳೆಯಲಿಲ್ಲ. ಪಂಚಾಂಗವನ್ನು ನಂಬದ ನಾನು ಪಂಚಾಂಗವನ್ನು ನೋಡಿರಲೂ ಇಲ್ಲ. ನಂಬುವವರ ನಡುವೆ ಬದುಕುವವಳು ಅದನ್ನು ಅವರಿಗಿಂತ ಮೊದಲು ನೋಡಬೇಕಾಗಿತ್ತು.

"ಈಗ ತರಂಗಿಲ್ಲ," ಎಂದಳು ಆಯಿ. ಆಕೆಯ ಮಟ್ಟಿಗೆ ಚರ್ಚೆ ಮುಗಿದಿತ್ತು, ನನ್ನ ಮಟ್ಟಿಗೆ ಆಗ ಶುರುವಾಯಿತು. ಪಡಸಾಲೆಯಲ್ಲಿ ಎಲ್ಲರೂ ಕುಳಿತಿದ್ದರು.

"ಆಯಿ, ನಮ್ಮ ಮನಿತನದಾಗ ಶ್ರಾದ್ಧಾನ ಮಾಡಂಗಿಲ್ಲ. ಶ್ರಾದ್ಧ ಇಲ್ಲದವರಿಗೆ ಪಕ್ಷಮಾಸ ಎಲ್ಲಿಂದ ಬಂತು?"

"ಎಲ್ಲಿಂದರ ಬರಲಿ. ನಿಮ್ಮ ಮುತ್ಯಾ ಹಠಾ ಮಾಡಿ ಪಕ್ಷಮಾಸದಾಗ ಎತ್ತಿನ ಜೋಡಿ ತಂದಿದ್ದ. ಒಂದು ಎತ್ತು ದೀಪಾವಳಿ ಕಾಣಲಿಲ್ಲ."

"ಇನ್ನೊಂದು?"

"ಅದೇನು, ಹನ್ನೆರಡ ವರ್ಷ ದುಡೀತು."

"ಹಂಗಾರ ಪಕ್ಷಮಾಸದಾಗ ತಂದ ಎತ್ತು ಹನ್ನೆರಡ ವರ್ಷ ದುಡೀತೈತಿ ಅಂತಾತು."

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಾಕಾ ತೊಡೆ ತಟ್ಟಿ, "ಬಂದ್ರಪಾ ವಕೀಲಬಾಯಾರು! ಗಾಡಿ ತರೂದಂದ್ರ ಸ್ಪರ್ಧಾದಾಗ ಕಪ್ ತಂದಂಗ ಅಲ್ಲವಾ," ಎಂದ. ಆಯಿ ಮಾತ್ರ ನಗಲಿಲ್ಲ. "ಸತ್ತ ಎತ್ತಿನ ಕೊಳ್ಳಾಗಿನ ಗಂಟಿ ಬಿಚ್ಚಿದಾಕಿ ನಾನು. ನೀ ಅಲ್ಲ," ಎಂದಳು. ಗಂಟೆ ಬಿಚ್ಚಿದವಳು ಆಕೆ ಎಂದ ಮಾತ್ರಕ್ಕೆ ಆಕೆಯ ಮಾತು ಸರಿ ಎಂದೇನೂ ಅರ್ಥವಲ್ಲ.

ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಸೋಮವಾರ ಲೈನು ಹೋದರೆ ಮತ್ತೆ ಯಾರದೋ ಬಾಗಿಲಿಗೆ ಕೀಲಿ ಕೇಳಲು ಹೋಗಬೇಕಾದವನು ಅವನು. ಆದರೂ ತನ್ನ ಅವ್ವನಿಗೆ ಎದುರಾಡಲಾರ. ಆಗ ನಾನು ಸ್ಪರ್ಧೆಗಳಲ್ಲಿ ಸೋಲುವ ಹೊತ್ತಿಗೆ ಮಾಡುವ ಕೆಲಸ ಮಾಡಿದೆ. ಎದುರಾಳಿಯನ್ನು ಅಲ್ಲಗಳೆಯುವುದನ್ನು ಬಿಟ್ಟು, ಅವರ ಶಬ್ದಕ್ಕೆ ಅರ್ಥ ಕೇಳಿದೆ.

"ಆತು ಆಯಿ, ತರಬಾರದು. ತರೂದಂದ್ರ ಏನು? ಸಹಿ ಮಾಡಬಾರದೇನು? ಮುಟ್ಟಬಾರದೇನು? ಬೈಲಹೊಂಗಲದಾಗ ಅತ್ತಿ ಮನಿ ಹಿತ್ತಲದಾಗ ನಿಂತ್ರ ಅದು ನಮ್ಮ ಮನಿಗೆ ಬಂದಂಗಾತೇನು?"

ಆಯಿಗೆ ಬೇಸರವಾಯಿತು. ಅಥವಾ ಆಕೆಗೂ ಮಗನ ಮುಖ ಕಂಡಿರಬೇಕು. "ನನ್ನ ಜೀಂವಾ ತಿನಬ್ಯಾಡ. ಊರ ಅಗಸಿ ಬಾಗಲದ ಒಳಗ ಬರಬಾರದು, ಅಷ್ಟ. ಹೊರಗ ಏನರ ಮಾಡ್ಕೋರಿ. ಆದ್ರ ಒಂದು. ಪಕ್ಷಮಾಸದಾಗ ಗಾಡಿ ತಂದ್ರಂತ ಊರ ಮಂದಿ ಬಾಯಾಗ ನನ್ನ ಮಗ ಬೀಳಬಾರದು. ಯಾರಿಗೂ ಗೊತ್ತಾಗಬಾರದು."

ನಾನು ಗೆದ್ದೆ ಎಂದುಕೊಂಡೆ. ಆ ಕೊನೆಯ ಎರಡು ಮಾತನ್ನು ಬಹುಮಾನದ ಜೊತೆ ಬರುವ ರಸೀದಿಯ ಹಾಗೆ ಓದದೆ ಕಿಸೆಗೆ ಹಾಕಿಕೊಂಡೆ.

ಶನಿವಾರ ಅಪ್ಪ, ನಾನು ಇಬ್ಬರೇ ಬೆಳಗಾವಿಗೆ ಹೋದೆವು. ಶೋರೂಮಿನವರು ಹಾರ ತಂದರು, ಅಪ್ಪ ಬೇಡವೆಂದ. ದೊಡ್ಡ ಕೀಲಿಯ ಹಲಗೆ ಹಿಡಿಸಿ ಫೋಟೋ ತೆಗೆಯುತ್ತೇವೆ ಎಂದರು, ಅದನ್ನೂ ಬೇಡವೆಂದ. ಆದರೆ ಗಾಡಿ ರಸ್ತೆಗೆ ಇಳಿದದ್ದೇ ಅವನು ಬೇರೆ ಮನುಷ್ಯನಾದ. ನೆಟ್ಟಗಿನ ದಾರಿ ಬಿಟ್ಟು ಹೈವೇ ಹಿಡಿದು ಕಿತ್ತೂರಿನ ಸುತ್ತಿನ ದಾರಿಯಲ್ಲಿ ಬಂದ. ಪ್ರತಿ ತಿರುವಿನಲ್ಲೂ ಒಂದೇ ಅಂಗೈಯಿಂದ ಸ್ಟೇರಿಂಗ್ ತಿರುಗಿಸಿ ನನ್ನ ಕಡೆ ನೋಡುತ್ತಿದ್ದ. "ನೋಡಿಲ್ಲೆ, ಬೆಣ್ಣಿ ಇದ್ದಂಗ ಐತಿ." ಕಿತ್ತೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾನು ಗಾಡಿಯ ಮುಂದೆ ಅವನನ್ನು ನಿಲ್ಲಿಸಿ ಫೋಟೋ ತೆಗೆಯಲು ಹೋದೆ. ಆಚೀಚೆ ನೋಡಿ ಪಕ್ಕಕ್ಕೆ ಸರಿದ. "ಬ್ಯಾಡ ಬಿಡು. ಯಾರರ ನೋಡ್ಯಾರು."

ಬೈಲಹೊಂಗಲದಲ್ಲಿ ಅತ್ತೆ, ಎಂದರೆ ಅಪ್ಪನ ತಂಗಿ, ಹಿತ್ತಲ ಗೇಟು ತೆರೆದಳು. ಗಾಡಿಯ ಮೇಲೆ ನಾವು ತಾಡಪತ್ರಿ ಹೊದಿಸುವುದನ್ನು ನೋಡಿ ಕೇಳಿದಳು, "ಯಣ್ಣಾ, ಗಾಡಿ ಕೊಂಡು ತಂದಿ ಹೌದಿಲ್ಲೋ? ಇಲ್ಲಾ ಕಳುವು ಮಾಡ್ಕೊಂಡು ಬಂದೀಯೋ?"

ಎಲ್ಲರೂ ನಕ್ಕೆವು. ಸೋಮವಾರದಿಂದ ಲೈನು ಶುರುವಾಯಿತು. ಅಪ್ಪ ಮುಂಜಾನೆಯ ಮೊದಲ ಬಸ್ಸಿಗೆ ಬೈಲಹೊಂಗಲಕ್ಕೆ ಹೋಗಿ, ತಾಡಪತ್ರಿ ತೆಗೆದು, ದೊಡವಾಡಕ್ಕೆ ಬಂದು ಮಾಲು ತುಂಬಿಕೊಂಡು, ಸವದತ್ತಿಯ ಮೇಲೆ ರಾಮದುರ್ಗಕ್ಕೆ ಹೋಗುತ್ತಿದ್ದ. ಮರಳಿ ಬಂದು ಮತ್ತೆ ತಾಡಪತ್ರಿ ಮುಚ್ಚಿ ಬಸ್ಸಿನಲ್ಲಿ ಮನೆಗೆ. ಗಾಡಿ ಇದ್ದವನು ದಿನಕ್ಕೆರಡು ಬಸ್ಸಿನ ಟಿಕೆಟ್ಟು ತೆಗೆಸುತ್ತಿದ್ದ. ದಲಾಲರಿಗೆ ಕಾಗದಪತ್ರ ತೋರಿಸಿದ್ದನಾದ್ದರಿಂದ ಅವರಿಗೊಬ್ಬರಿಗೆ ನಿಜ ಗೊತ್ತಿತ್ತು. ಉಳಿದವರಿಗೆ ಏನು ಹೇಳುತ್ತಿದ್ದಾನೆಂದು ನಾನು ಕೇಳಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ರವಿವಾರ ಕಾಲೇಜಿಗೆ ರಜೆ ಇತ್ತು. ನಾನೂ ರಾಮದುರ್ಗಕ್ಕೆ ಹೋದೆ. ಮಾಲು ಇಳಿಸುತ್ತಿದ್ದಾಗ ಕ್ಯಾಬಿನ್ನಿನಲ್ಲಿ ಕುಳಿತೇ ಇದ್ದೆ. ಒಬ್ಬರು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು, ಬಾಗಿಲಿನ ಮೇಲೆ ಅಂಗೈ ಸವರಿದರು. ಹಳೆಯ ಸಾವ್ಕಾರರು.

"ಏನೋ, ಯಾರ ಗಾಡಿ ಇದು?"

ಅಪ್ಪ ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡ. ಹದಿನೆಂಟು ವರ್ಷ ಅವರ ಮುಂದೆ ಹಾಗೆಯೇ ನಿಂತಿದ್ದಿರಬೇಕು. "ಯಾರದೋ ಐತ್ರಿ. ಬದ್ಲಿ ಬಂದೇನಿ."

"ಛಲೋ ಐತಿ. ಪವರ್ ಸ್ಟೇರಿಂಗ್ ಬ್ಯಾರೆ. ಕಡೀಕ ಯಾರರ ಒಬ್ರು ನಿನ್ನ ಭುಜದ ಕಾಳಜಿ ಮಾಡಿದ್ರ ನೋಡು."

"ಹೌದ್ರಿ," ಎಂದ ಅಪ್ಪ.

ನಾನು ಬಾಗಿಲು ತೆರೆದು ಇಳಿದೆ. ಈ ಒಂದು ಕೆಲಸದ ಬಗ್ಗೆ ನನಗೆ ಯಾವ ಪಶ್ಚಾತ್ತಾಪವೂ ಇಲ್ಲ.

"ನಮ್ದರೀ ಗಾಡಿ. ಫ್ಯಾಕ್ಟರಿಗೆ ಹೇಳಿ ಮಾಡಿಸಿದ್ದು. ಮಾಲಕ್ರು ಇವರ."

ಸಾವ್ಕಾರರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. "ಪಕ್ಷಮಾಸದಾಗ ತಂದ್ರೇನವಾ?"

"ಹೌದ್ರಿ, ಪಕ್ಷಮಾಸದಾಗ. ನಿಮ್ಮ ಡ್ರೈವರ್ ಬದಲ ಆದ್ರಲ್ಲ, ಅದಕ್ಕ ಅವರು ಗಾಡಿ ಬದಲ ಮಾಡಿದ್ರು."

ಅವರು ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. ಅಪ್ಪ ನನ್ನತ್ತ ತಿರುಗಲಿಲ್ಲ. ಬುಟ್ಟಿ ಇಳಿಸುವವರ ಜೊತೆ ತಾನೂ ಕೈ ಹಚ್ಚಿದ, ಆ ಕೆಟ್ಟ ಭುಜದಿಂದಲೇ.

ಮಾತು ನಮಗಿಂತ ಮೊದಲು ಊರು ಮುಟ್ಟಿತು. ಅಗಸಿಯಲ್ಲಿ ಕುಳಿತವರು ಕಾಕಾನನ್ನು ಕೇಳಿದರಂತೆ. "ನಮ್ಮ ಹುಡಿಗಿದು ಗೊತ್ತೈತೆಲ್ಲೋ, ಚಾಷ್ಟಿ ಮಾಡ್ಯಾಳ," ಎಂದು ಅವನು ನಗಿಸಿ ಕಳಿಸಿದನಂತೆ. ಅವನು ಹೇಳಿದ್ದಕ್ಕೆ ನನಗೆ ಏನೂ ಅನಿಸಲಿಲ್ಲ. ಮರುದಿನ ಅಪ್ಪನನ್ನೇ ಕೇಳಿದಾಗ ಅಪ್ಪನೂ, "ಹೂಂ, ಚಾಷ್ಟಿ," ಎಂದ. ನಾನು ಅಲ್ಲೇ ಇದ್ದೆ. ನನ್ನ ಬದುಕಿನಲ್ಲಿ ನಾನು ಆಡಿದ ಅತಿ ನೇರವಾದ ಮಾತು ನಗೆಚಾಟಿಕೆಯಾಗಿ ದಾಖಲಾಯಿತು.

ಅಮಾವಾಸ್ಯೆ ಕಳೆಯಿತು. ಇಷ್ಟು ದಿನ ತಡೆದವರು ಇನ್ನೊಂಬತ್ತು ದಿನ ತಡೆಯಲಿ, ಖಂಡೇಪೂಜೆಗೇ ಬರಲಿ ಎಂದಳು ಆಯಿ. ಬಂತು. ಊರ ಮಂದಿಯೆಲ್ಲ ಬಂದು ಕೈ ಕುಲುಕಿದರು, 'ಮಾಲಕ್ರ' ಎಂದರು, ಈ ಸಲ ನಗದೆ ಎಂದರು. ಅಪ್ಪ ನಿಜವಾಗಿಯೂ ಹಿಗ್ಗಿದ್ದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪದ್ಧತಿಯಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ, ಲೈನು ಉಳಿಯಿತು, ಆಯಿಯ ಮಾನ ಉಳಿಯಿತು, ನಿನ್ನದೇನು ತಕರಾರು ಎಂದು ಅವ್ವ ನನ್ನನ್ನು ಕೇಳುತ್ತಾಳೆ. ತಕರಾರು ಇದೆ. ಸ್ವಂತ ಗಾಡಿಗಾಗಿ ಅಷ್ಟು ದಿನ ಕಾಯ್ದವನು ಅದು ಕೈಗೆ ಬಂದ ಮೇಲೆ ಮೂರು ಸಾವಿರ ಕಿಲೋಮೀಟರ್ ಅದನ್ನು ಮಂದಿಯ ಗಾಡಿಯೆಂದು ಓಡಿಸಿದ. ಅದಕ್ಕೆ ದಾರಿ ಮಾಡಿಕೊಟ್ಟ ಜಾಣತನ ನನ್ನದೇ. ಅದು ಗೊತ್ತಿದ್ದೇ ತಕರಾರು ಎತ್ತುತ್ತಿದ್ದೇನೆ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಸಾಲಹಳ್ಳಿಯ ಕಡೆ ಬಾಡಿಗೆ ಇತ್ತು. ನಾನೂ ಜೊತೆಗೆ ಹೋದೆ. ಸವದತ್ತಿ ದಾಟಿ ರಸ್ತೆ ಖಾಲಿಯಾಯಿತು. ದಾರಿಯಲ್ಲಿ ಕೈ ಮಾಡಿದ ಒಬ್ಬ ಮುದುಕರನ್ನು ಅಪ್ಪ ಹತ್ತಿಸಿಕೊಂಡ. ಅವರು ಸೀಟು ತಟ್ಟಿ ನೋಡಿ, "ಹೊಸಾದೇನಪಾ? ನಿಂದ ಏನು?" ಎಂದರು.

"ಹೂಂನ್ರಿ," ಎಂದ ಅಪ್ಪ. ಆದರೆ ಅದಕ್ಕಿಂತ ಮೊದಲು ಒಂದು ಗಳಿಗೆ ತಡೆದ. ಆ ತಡೆಯನ್ನು ನಾನು ಕೇಳಿಸಿಕೊಂಡೆ. ಪಕ್ಷಮಾಸ ಮುಗಿದು ತಿಂಗಳ ಮೇಲಾಗಿತ್ತು. ಆಯಿ ಅಲ್ಲಿರಲಿಲ್ಲ, ಊರ ಮಂದಿ ಇರಲಿಲ್ಲ.

ಮುದುಕರು ತಮ್ಮ ಊರ ಕ್ರಾಸಿನಲ್ಲಿ ಇಳಿದರು. ಅಪ್ಪ ಗೇರು ಹಾಕಿದ. ನಾನು ಕೇಳಿದೆ:

"ಅಪ್ಪಾ, ಅವತ್ತ ರಾಮದುರ್ಗದಾಗ ಯಾರದೋ ಗಾಡಿ ಅಂದೆಲಾ, ಅದು ಆಯಿಗೆ ಅಂಜಿ ಅಂದ ಮಾತೇನು, ಇಲ್ಲಾ ನಿನಗೂ ಹಂಗ ಅನಸಾಕತ್ತಿತ್ತೇನು?"